ಸಣ್ಣವ್ವನ ನಲವತ್ತು

ಎಂಬತ್ತಾರನೆಯ ಇಸವಿಯ ದಸರೆ ಕಳೆದ ಮೇಲೆ ಮೊರಬದ ಶಂಭುಲಿಂಗಪ್ಪನ ಮನೆಯಲ್ಲಿ ತಲೆನೋವಿಲ್ಲದ ದಿನವೇ ಇರಲಿಲ್ಲ. ಸೊಸೆ ಮಹಾದೇವಿ ಹಣೆಗೆ ಅರಿವೆ ಬಿಗಿದುಕೊಂಡೇ ರೊಟ್ಟಿ ಬಡಿಯುತ್ತಿದ್ದಳು. ಶಂಭುಲಿಂಗಪ್ಪನಿಗೆ ಪತ್ರಿಕೆಯ ಅಕ್ಷರ ಮಂಜುಮಂಜಾಗಿ, ಅವನು ಹುಬ್ಬಳ್ಳಿಯ ಕನ್ನಡಕದವನನ್ನು ಕೂತಲ್ಲೇ ಬೈಯುತ್ತಿದ್ದ. ಮೂರು ವರ್ಷದ ಮೊಮ್ಮಗಳು ಚೆನ್ನಿಯ ಬಾಯಿಂದ ಹಲ್ಲು ಬರುವ ಕೂಸಿನ ಹಾಗೆ ಜೊಲ್ಲು ಸೋರುತ್ತಿತ್ತು. ಉಂಡದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ.

ಶಂಭುಲಿಂಗಪ್ಪನ ಹೆಂಡತಿ ಶಿವಗಂಗವ್ವ ದೃಷ್ಟಿಯಾಗಿದೆಯೆಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಜಂತಿನ ಔಷಧಿ ತರಿಸಿದಳು. ಕೂಸು ಎರಡು ದಿನ ಆಡುವುದು, ಮೂರನೆಯ ದಿನ ಮತ್ತೆ ಕಂಬಕ್ಕೆ ಒರಗಿ ಕೂಡುವುದು. ತನ್ನ ಕೈಯೂ ಎಣ್ಣೆ ಬಗ್ಗಿಸುವಾಗ ನಡುಗುತ್ತದೆ ಎಂಬುದನ್ನು ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ. ಅರವತ್ತು ದಾಟಿತು, ಇನ್ನೇನು ಎಂದುಕೊಂಡಿದ್ದಳು.

ದೀಪಾವಳಿಯ ನೀರು ತುಂಬುವ ಹಬ್ಬದ ಹಿಂದಿನ ದಿನ ಮಗಳು ಕಸ್ತೂರಿ ಮುಂಬೈಯಿಂದ ಬಂದಳು. ಇಪ್ಪತ್ತೆಂಟು ವರ್ಷ. ನಾಲ್ಕು ವರ್ಷದಿಂದ ಅಲ್ಲಿ ಪಿಎಚ್.ಡಿ. ಸಂಶೋಧನೆ. ಒಂದು ಕೈಯಲ್ಲಿ ಬರ್ಫ ತುಂಬಿದ ಥರ್ಮಾಸು, ಇನ್ನೊಂದರಲ್ಲಿ ಮರದ ಪೆಟ್ಟಿಗೆ. ಅಣ್ಣ ಕುಬೇರಪ್ಪ ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿದ.

"ಏನಬೇ ಇದು, ಟ್ರಾನ್ಸಿಸ್ಟರೇನ?"

"ಅಲ್ಲಣ್ಣಾ. ಬಯೋಸೆನ್ಸರ್ ಅಂತಾರ ಇದಕ್ಕ. ನಾನ ಮಾಡಿದ್ದು."

"ನಾಕ ವರ್ಷಕ್ಕ ಒಂದ ಡಬ್ಬಿ! ನಮ್ಮ ಮೆಕ್ಯಾನಿಕ ಶಂಕ್ರಪ್ಪ ಎರಡ ದಿನದಾಗ ಪಂಪಸೆಟ್ ಬಿಚ್ಚಿ ಜೋಡಸ್ತಾನ."

"ಅವನ ಕೈಗೆ ಇದನ್ನ ಕೊಡಬ್ಯಾಡ ಮತ್ತ."

ಶಂಭುಲಿಂಗಪ್ಪ ನಗಲಿಲ್ಲ. "ಗೌರಿ ಹುಣ್ಣಿಮಿಗೆ ಕುಂದಗೋಳದವರು ನಿನ್ನ ನೋಡಾಕ ಬರ್ತಾರ. ನಾ ಮಾತ ಕೊಟ್ಟೀನಿ," ಎಂದ.

"ಅಪ್ಪಾ, ಇನ್ನೊಂದ ವರ್ಷ ಅಂದಿದ್ನಲ್ಲ."

"ಹ್ವಾದ ವರ್ಷಾನೂ ಹಂಗ ಅಂದಿದ್ದಿ. ಈ ಡಬ್ಬಿ ಕೆಲಸ ಮಾಡ್ತೈತಿ ಅಂದ್ರ ಹೋಗು, ಮುಗಿಸಿಕೊಂಡ ಬಾ, ನಾ ಅವರಿಗೆ ಹೇಳತೀನಿ. ಇಲ್ಲಂದ್ರ ಮುಂಬೈ ಮಾತ ಇಲ್ಲಿಗೆ ಮುಗೀತು."

ಕಸ್ತೂರಿ ಒಪ್ಪಿದಳು. ಒಪ್ಪದೆ ಏನು ಮಾಡುತ್ತಾಳೆ? ಅಡುಗೆಮನೆಗೆ ಬಂದು ಅವ್ವನ ಪಕ್ಕ ಕೂತಳು. ಶಿವಗಂಗವ್ವ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಮುಂದೆ ಸರಿಸಿದಳು.

"ನನಗರ ತಿಳಿಯೂ ಹಂಗ ಹೇಳು. ಏನ ಮಾಡತೈತಿ ಅದು?"

"ಕೈ ಎತ್ತು ಅಂತ ನರ ಹೇಳತೈತಿ, ಹೌದಿಲ್ಲೋ? ಎತ್ತಿದ ಮ್ಯಾಲೆ ಆ ಮಾತ ಅಳಿಸಿ ಹಾಕಬೇಕವ್ವಾ. ಇಲ್ಲಂದ್ರ ಎತ್ತು, ಎತ್ತು ಅಂತ ಅದ ನಡೀತೈತಿ, ಕೈ ನಡಗತೈತಿ. ಅಳಿಸೂ ಕೆಲಸಕ್ಕ ಮೈಯಾಗ ಒಂದು ಎಂಜೈಮು ಐತಿ. ರಕ್ತದಾಗೂ ಸಿಗತೈತಿ. ಹುಳ ಸಾಯಲಿ ಅಂತ ಹತ್ತಿಗೆ ಹೊಡಿಯೂ ಎಣ್ಣಿ ಮೈಯೊಳಗ ಹೋತಂದ್ರ ಆ ಎಂಜೈಮು ಜಡ್ಡುಗಟ್ಟತೈತಿ. ಎಷ್ಟು ಜಡ್ಡಾಗೇತಿ ಅಂತ ಈ ಡಬ್ಬಿ ಹೇಳತೈತಿ."

"ಡಬ್ಬಿಗೆ ಹೆಂಗ ತಿಳೀತೈತಿ?"

"ಎಂಜೈಮು ಕೆಲಸ ಮಾಡಿದ್ರ ಒಂದೀಟು ಹುಳಿ ಹುಟ್ಟತೈತಿ. ಹಾಲು ಹೆಪ್ಪಾಗೂ ಮುಂದ ಹುಳಿ ಆಗಂಗಿಲ್ಲ? ಹಂಗ. ಹುಳಿ ಹುಟ್ಟಿದಂಗ ಮುಳ್ಳು ಸರೀತೈತಿ. ಮುಳ್ಳು ಕಡಿಮಿ ಸರದ್ರ ವಿಷ ಹೆಚ್ಚು ಅಂತ."

ಹೆಪ್ಪಿನ ಮಾತು ಬಂದ ಮೇಲೆ ಶಿವಗಂಗವ್ವನಿಗೆ ಉಳಿದದ್ದೆಲ್ಲ ತಿಳಿಯಿತು.

ಹಬ್ಬದ ಮರುದಿನ ಕಟ್ಟೆಯ ಮೇಲೆ ಪೆಟ್ಟಿಗೆ ತೆರೆಯಿತು. ಒಳಗೆ ಅಂಗೈಯಗಲದ ಮೀಟರು, ಬ್ಯಾಟರಿ, ತುದಿಗೆ ಉಳ್ಳಾಗಡ್ಡಿಯ ಪೊರೆಯಂಥ ತೆಳು ಪೊರೆ ಬಿಗಿದ ಗಾಜಿನ ಕಡ್ಡಿ. ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದು, ಥರ್ಮಾಸಿನಲ್ಲಿದ್ದ ನೀರಿನಂಥ ಔಷಧಿಯಲ್ಲಿ ಬೆರೆಸಿ, ಕಡ್ಡಿ ಅದ್ದಿ, ಐದು ನಿಮಿಷಕ್ಕೆ ಮುಳ್ಳು ಎಷ್ಟು ಗೆರೆ ಸರಿಯಿತೆಂದು ಬರೆದುಕೊಳ್ಳುವುದು. ಪುಸ್ತಕದಲ್ಲಿ ಕಸ್ತೂರಿ ಎರಡು ಪಟ್ಟಿ ಎಳೆದಿದ್ದಳು: ಎಣ್ಣೆ ಹೊಡೆಯುವವರು ಒಂದು ಕಡೆ, ಮನೆಯವರು ಒಂದು ಕಡೆ. ಇಪ್ಪತ್ತು ವರ್ಷದಿಂದ ಈ ಮನೆಯ ಹೊಲ ಮಾಡುವ ಹುಲಿಗೆಪ್ಪ ಬೆನ್ನಿಗೆ ಪಂಪು ಹೊರುವವನು. ಅವನ ಹೆಂಡತಿ ಸಣ್ಣವ್ವ ಅವನಿಗೆ ನೀರು ಹೊತ್ತು ಕೊಡುವವಳು.

"ನನ್ನ ರಕ್ತದಾಗ ಏನ ಐತ್ರಿ ಸಣ್ಣಕ್ಕಾರ, ಬರೇ ಎಲಿ ಅಡಿಕಿ," ಎಂದು ಸಣ್ಣವ್ವ ನಗುತ್ತ ಬೆರಳು ಕೊಟ್ಟಳು. ಮುಳ್ಳು ಸರಸರನೆ ನಡೆದು ನಲವತ್ತಕ್ಕೆ ನಿಂತಿತು. ಹುಲಿಗೆಪ್ಪನದು ಇಪ್ಪತ್ತಾರು. ಕಸ್ತೂರಿ ತನ್ನ ಬೆರಳನ್ನೂ ಚುಚ್ಚಿಕೊಂಡಳು: ಮೂವತ್ತೊಂಬತ್ತು. ಅವಳ ಮುಖ ಅರಳಿತು. "ನೋಡಪಾ ಅಣ್ಣಾ. ಪಂಪು ಹೊರವರಿಗೆ ಕಡಿಮಿ, ಉಳದವರಿಗೆ ನಲವತ್ತರ ಹತ್ರ."

ಆಮೇಲೆ ಮನೆಯವರು ಬಂದರು. ಶಂಭುಲಿಂಗಪ್ಪ ಹದಿನಾಲ್ಕು. ಕುಬೇರಪ್ಪ ಹದಿನೈದು. ಮಹಾದೇವಿ ಹದಿಮೂರು. ಅತ್ತು ರಂಪ ಮಾಡಿದ ಚೆನ್ನಿ ಹನ್ನೊಂದು. ಕೊನೆಗೆ ಶಿವಗಂಗವ್ವ. ಮುಳ್ಳು ಏಳುವುದೋ ಬೇಡವೋ ಎಂಬಂತೆ ಎದ್ದು ಒಂಬತ್ತಕ್ಕೆ ಕೂತುಬಿಟ್ಟಿತು.

ಮೊದಲು ನಕ್ಕವನು ಕುಬೇರಪ್ಪ.

"ಅಲ್ಲಬೇ, ಎಣ್ಣಿ ಹೊಡದಾಂವ ಹುಲಿಗೆಪ್ಪ, ವಿಷ ಏರಿದ್ದು ನಮ್ಮವ್ವಗ?"

"ನೀವು ಯಾರರ ಪಂಪು ಮುಟ್ಟೀರೇನ?" ಎಂದು ಕಸ್ತೂರಿ ಕೇಳಿದಳು.

ಶಂಭುಲಿಂಗಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಆಳು ಮಾಡೂ ಕೆಲಸ ನಾ ಯಾಕ ಮಾಡ್ಲಿ? ಒಳ್ಳೆ ಉಂಡ ಮನಿ ಇದು. ಹಾಲು, ತುಪ್ಪ, ಬೆಳ್ಳನ್ನ ಜ್ವಾಳ. ಕೇರಿಯವರಿಗೆ ನಲವತ್ತು, ನಮಗ ಹದಿನಾಕು! ಮುಚ್ಚ ಆ ಡಬ್ಬಿ."

ಕಸ್ತೂರಿ ಮುಚ್ಚಿದಳು. ಅಂದೇ ಮುಂಬೈಯ ಗುರುಗಳಿಗೆ ಅಂಕಿಗಳನ್ನೆಲ್ಲ ಬರೆದು ಕಾಗದ ಹಾಕಿದಳು.

ಉತ್ತರ ಬರಲು ಹತ್ತು ದಿನ ಬೇಕಾಯಿತು. ಆ ಹತ್ತು ದಿನ ಮನೆಯಲ್ಲಿ ಮಾತು ಕಡಿಮೆ, ಪಾತ್ರೆಯ ಸದ್ದು ಹೆಚ್ಚು. ಕುಂದಗೋಳದವರು ಬರುತ್ತಾರೆಂದು ಮಹಾದೇವಿ ಗೋಡೆಗೆ ಸುಣ್ಣ ಬಳಿದಳು. ಎರಡು ಸಲ ಏಣಿ ಇಳಿದು ವಾಂತಿ ಮಾಡಿಕೊಂಡಳು. ಕಸ್ತೂರಿ ಅವ್ವನ ಕೈಯ ರೊಟ್ಟಿ ಸಿಕ್ಕದ್ದು ನಾಲ್ಕು ವರ್ಷದ ಮೇಲೆ ಎಂದು ಎರಡರ ಜಾಗದಲ್ಲಿ ಮೂರು ತಿನ್ನುತ್ತಿದ್ದಳು. ಆರನೆಯ ದಿನ ಅವಳೂ ತಲೆ ಹಿಡಿದು ಕೂತಳು. "ಊರ ಹವಾ ಮರತೈತಿ ನಿನಗ," ಎಂದು ಶಿವಗಂಗವ್ವ ಕೊಬ್ಬರಿ ಎಣ್ಣೆ ತಿಕ್ಕಿದಳು.

ಗುರುಗಳ ಕಾಗದ ಎರಡೇ ಸಾಲು. ಮನೆಯವರ ಅಂಕಿ ನಂಬುವಂಥದಲ್ಲ, ಪೊರೆ ಕೆಟ್ಟಿರಬೇಕು; ನಿನ್ನ ರಕ್ತವನ್ನೇ ಮತ್ತೊಮ್ಮೆ ಅಳೆದು ನೋಡು, ಮೊದಲಿನಷ್ಟು ಬಾರದಿದ್ದರೆ ಉಪಕರಣ ಹೋಯಿತೆಂದು ತಿಳಿ.

ಕಸ್ತೂರಿ ಪಡಸಾಲೆಯಲ್ಲೇ ಪೆಟ್ಟಿಗೆ ತೆರೆದಳು. ಸೂಜಿ ಚುಚ್ಚಿಕೊಂಡಳು. ಶಿವಗಂಗವ್ವ ಬಾಗಿಲಲ್ಲಿ ನಿಂತು ನೋಡಿದಳು. ಮುಳ್ಳು ಇಪ್ಪತ್ತೆರಡಕ್ಕೆ ನಿಂತಿತು. ಮತ್ತೊಂದು ಹನಿ. ಇಪ್ಪತ್ತೆರಡೇ. ಹುಡುಗಿ ಕಡ್ಡಿಯನ್ನು ಕೆಳಗಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಏನಾತು?" ಎಂದ ಶಂಭುಲಿಂಗಪ್ಪ.

"ಕೆಟ್ಟೈತಪಾ."

"ಹಂಗಾರ ಮುಗೀತು. ಇನ್ನ ಆರ ದಿನಕ್ಕ ಹುಣ್ಣಿಮಿ. ರೇಶಿಮಿ ಸೀರಿ ಬಿಸಲಿಗೆ ಹಾಕು."

ಆಗ ಸಣ್ಣವ್ವ ಹಿತ್ತಲಲ್ಲಿ ಸಗಣಿ ಬಳಿಯುತ್ತಿದ್ದಳು. ಕಸ್ತೂರಿಗೆ ಏನು ಹೊಳೆಯಿತೋ, ಪೆಟ್ಟಿಗೆಯನ್ನು ಎತ್ತಿಕೊಂಡು ಅಲ್ಲಿಗೇ ನಡೆದಳು. "ಸಣ್ಣವ್ವಾ, ಕೈ ತೊಳಕೊಂಡ ಬಾ."

"ಮತ್ತ ಚುಚ್ಚತೀರೇನ್ರಿ? ಈ ಸಲ ಎಡಗೈ ಕೊಡ್ತೇನ್ರಿ."

ಮುಳ್ಳು ಸರಸರನೆ ನಡೆಯಿತು. ನಲವತ್ತು.

ಕಸ್ತೂರಿ ಆ ನಲವತ್ತನ್ನೇ ನೋಡುತ್ತ ನಿಂತಳು. ಮುಖದ ಬಣ್ಣ ಇಳಿಯಿತು. "ಡಬ್ಬಿ ಕೆಟ್ಟಿಲ್ಲ," ಎಂದಳು ಮೆಲ್ಲಗೆ. ಮತ್ತೆ ಕೂಗಿ ಹೇಳಿದಳು: "ಡಬ್ಬಿ ಕೆಟ್ಟಿಲ್ಲೋ ಅಣ್ಣಾ! ಈ ಮನ್ಯಾಗ ಏನೋ ಐತಿ. ನಾ ಬಂದಾಗ ಮೂವತ್ತೊಂಬತ್ತಿದ್ದೆ, ಹತ್ತ ದಿನಕ್ಕ ಇಪ್ಪತ್ತೆರಡಾಗೀನಿ. ನಾವೆಲ್ಲಾರೂ ದಿನಾ ಏನೋ ತಿನ್ನಾಕ ಹತ್ತೀವಿ!"

ಮನೆಯವರೆಲ್ಲ ಹಿತ್ತಲಿಗೆ ಬಂದರು. ಸಣ್ಣವ್ವ ಗಾಬರಿಯಾಗಿ ಎದ್ದು ನಿಂತಳು.

"ನೀ ಏನ ಉಣ್ತಿ ಸಣ್ಣವ್ವಾ?" ಎಂದಳು ಕಸ್ತೂರಿ.

"ಏನ ಉಣ್ಲೆರಿ ಯವ್ವಾ. ರೊಟ್ಟಿ, ಖಾರ, ಒಮ್ಮೊಮ್ಮಿ ಪುಂಡಿಪಲ್ಯ."

"ಜ್ವಾಳ ಎಲ್ಲಿದು?"

"ನಿಮ್ಮನೀದ ಅಲ್ಲೇನ್ರಿ? ಧಣ್ಯಾರು ದಸರಿಗೆ ಹೇಳ್ಯಾರ, ಹುಲಿಗೆಪ್ಪಗ ನಾವ ಉಣ್ಣೂ ಜ್ವಾಳಾನ ಕೊಡ್ರಿ ಅಂತ. ನಿಮ್ಮವ್ವಾರ ಅಳದ ಹಾಕ್ಯಾರ."

"ಹೌದು, ನಾನ ಹೇಳೀನಿ," ಎಂದ ಶಂಭುಲಿಂಗಪ್ಪ. "ಇಪ್ಪತ್ತ ವರ್ಷ ದುಡದಾನ ಅಂವ."

ಕಸ್ತೂರಿ ಪುಸ್ತಕ ತೆಗೆದು ಜೋಳ ಎಂದು ಬರೆದು, ಅದರ ಮೇಲೆ ಅಡ್ಡಗೆರೆ ಎಳೆದಳು. "ಜ್ವಾಳ ಅಲ್ಲ. ಎರಡೂ ಮನೀದೂ ಒಂದ. ನೀರು ಒಂದ ಕೆರೀದು. ನಮ್ಮನ್ಯಾಗ ಇದ್ದು ನಿಮ್ಮನ್ಯಾಗ ಇಲ್ಲದ್ದು ಏನು?"

"ಹಾಲ್ರಿ," ಎಂದಳು ಸಣ್ಣವ್ವ. "ಎಮ್ಮಿ ಎಲ್ಲಿ ತರೂಣ್ರಿ ನಾವು."

"ಹಾಲು! ಎಮ್ಮಿ ಹತ್ತೀ ಬದುವಿನ ಹುಲ್ಲು ಮೇಯತೈತಿ. ವೈನೀ, ಇವತ್ತಿಂದ ಚೆನ್ನಿಗೆ ಹಾಲು ಬಂದ್. ಬರೇ ಜ್ವಾಳದ ಗಂಜಿ ಕುಡಸು."

ಶಿವಗಂಗವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. ಎರಡೂ ಮನೆಯ ಜೋಳ ಒಂದಲ್ಲ ಎಂಬುದು ಅಲ್ಲಿದ್ದವರಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ದಸರೆಗೆ ನೆಲದೊಳಗೆ ಜೋಳ ತುಂಬಿಟ್ಟ ಹಗೆಯನ್ನು ತೆಗೆದಾಗ ನಡುವಿನ ಜೋಳ ಮುತ್ತಿನಂತಿತ್ತು, ಗೋಡೆ ಹತ್ತಿದ ಜೋಳ ಕಪ್ಪಾಗಿ ನುಶಿ ಹುಳ ಬಿದ್ದಿತ್ತು. ಅವಳ ಅತ್ತೆಯ ಕಾಲದಿಂದಲೂ ಗೋಡೆಯ ಜೋಳ ಆಳಿಗೆ, ನಡುವಿನದು ಮನೆಗೆ. ಗಂಡ ಹೊಸ ಮಾತು ಹೇಳಿದ. ಅವಳು ಹೂಂ ಎಂದಳು. ಅಳೆಯುವ ಸೇರು ಅವಳ ಕೈಯಲ್ಲಿತ್ತು. ಹುಲಿಗೆಪ್ಪನ ಚೀಲಕ್ಕೆ ಗೋಡೆಯ ಜೋಳವೇ ಹೋಯಿತು. ಮನೆಯ ಜೋಳಕ್ಕೆ ನುಶಿ ಹತ್ತದಿರಲಿ ಎಂದು, ಹೆಸರು ಬೆಳೆಯ ಹುಳಕ್ಕೆ ಎರಚಿ ಉಳಿದಿದ್ದ ಪುಡಿಯನ್ನು ದನದ ಕೊಟ್ಟಿಗೆಯಿಂದ ತಂದು ಬೂದಿಯ ಜೊತೆ ಕಲಸಿ, ಚೀಲಚೀಲಕ್ಕೂ ತನ್ನ ಕೈಯಾರೆ ತಿಕ್ಕಿದಳು. ಹಿಂದೆಲ್ಲ ಬರಿಯ ಬೂದಿ ತಿಕ್ಕುತ್ತಿದ್ದರು. ಪುಡಿ ಎಂದರೆ ಇನ್ನೂ ಬಿರುಸಾದ ಬೂದಿ ಎಂದು ಅವಳ ಲೆಕ್ಕ. ಬೀಸಲು ಕಳಿಸುವಾಗ ಮೊರದಲ್ಲಿ ಕೇರುತ್ತಿದ್ದಳು. ತೊಳೆದರೆ ಹಿಟ್ಟಿಗೆ ಜಿಗಿ ಬರುವುದಿಲ್ಲವೆಂದು ತೊಳೆಯುತ್ತಿರಲಿಲ್ಲ.

ಹೇಳಬೇಕೆಂದು ಬಾಯಿ ತೆರೆದಳು. ಎದುರಿಗೆ ಸಣ್ಣವ್ವ ನಿಂತಿದ್ದಳು. ಪಕ್ಕದಲ್ಲಿ, ಹುಲಿಗೆಪ್ಪನಿಗೆ ಮಾತು ಕೊಟ್ಟ ಗಂಡ. ನಿನಗೆ ಹುಳದ ಜೋಳ ಕೊಟ್ಟೆ ಎಂದು ಆ ಹೆಂಗಸಿನ ಮುಖಕ್ಕೆ ಹೇಗೆ ಹೇಳುವುದು? ಹಾಲೇ ಇದ್ದರೂ ಇರಬಹುದು, ಕಲಿತವಳು ಹೇಳುತ್ತಾಳಲ್ಲ ಎಂದು ಬಾಯಿ ಮುಚ್ಚಿದಳು.

ಹಾಲನ್ನು ತಿಪ್ಪೆಗೆ ಚೆಲ್ಲಿದರು. ಮಧ್ಯಾಹ್ನ ಚೆನ್ನಿಗೆ ಗಂಜಿ. ಸಂಜೆ ಗಂಜಿ. ಶಿವಗಂಗವ್ವ ತನ್ನ ತಾಟನ್ನು ಪಕ್ಕಕ್ಕೆ ಸರಿಸಿದಳು. "ಅತ್ತೀ, ಯಾಕ ಉಣವಲ್ರಿ?" ಎಂದಳು ಮಹಾದೇವಿ. "ಹಸಿವಿಲ್ಲವಾ," ಎಂದಳು. ಮರುದಿನ ಬೆಳಿಗ್ಗೆ ಮತ್ತೊಂದು ಬಟ್ಟಲು ಗಂಜಿ. ಕೂಸು ಹಸಿದಿತ್ತು, ಪೂರ್ತಿ ಕುಡಿಯಿತು.

ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಮಹಾದೇವಿ ಚೀರಿದಳು. ಚೆನ್ನಿಯ ಕೈಕಾಲು ಅದುರುತ್ತಿದ್ದವು. ಬಾಯಲ್ಲಿ ನೊರೆ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಕುಬೇರಪ್ಪ ಓಣಿಯ ಶಿದ್ಲಿಂಗಪ್ಪನ ಜೀಪು ತರಲು ಓಡಿದ. ಕಸ್ತೂರಿ ಕೂಸನ್ನು ಮಗ್ಗುಲಿಗೆ ಹೊರಳಿಸಿ ಬಾಯಿ ಒರೆಸುತ್ತ, "ಹಾಲು ಬಿಡಿಸೀವಲ್ಲ, ಹಾಲು ಬಿಡಿಸೀವಲ್ಲ," ಎಂದು ಒಂದೇ ಮಾತು ಆಡುತ್ತಿದ್ದಳು.

"ಜ್ವಾಳ," ಎಂದಳು ಶಿವಗಂಗವ್ವ.

ಯಾರೂ ಕೇಳಿಸಿಕೊಳ್ಳಲಿಲ್ಲ.

"ಜ್ವಾಳದಾಗ ಐತಿ! ನಾ ಪುಡಿ ಹಾಕೀನಿ!"

ಕಸ್ತೂರಿ ತಲೆ ಎತ್ತಿದಳು. "ಯಾವ ಪುಡಿ?"

"ಕೊಟ್ಟಿಗ್ಯಾಗಿಂದು. ಹೆಸರಿಗೆ ಎರಚಿದ್ದು."

"ಸಣ್ಣವ್ವನ ಮನೀ ಜ್ವಾಳಾನೂ ಇದ ಅಲ್ಲೇನವ್ವಾ?"

"ಅಲ್ಲ. ಅವರಿಗೆ ನುಶೀ ಜ್ವಾಳ ಕೊಟ್ಟೀನಿ. ಪುಡಿ ಹಾಕಿದ್ದು ನಮ್ಮದಕ್ಕ ಅಷ್ಟ."

ಕಸ್ತೂರಿ ಕೊಟ್ಟಿಗೆಗೆ ಓಡಿ ಚೀಲ ತಂದಳು. ಅದರ ಮೇಲೆ ಅಂಗೈಯಗಲದ ಕೆಂಪು ಗುರುತು, ತಲೆಬುರುಡೆ. ಅದನ್ನು ಅಂಗಡಿಯವನ ಮುದ್ರೆ ಎಂದುಕೊಂಡಿದ್ದಳು ಶಿವಗಂಗವ್ವ. ಮಗಳು ಚೀಲದ ಹೆಸರನ್ನೂ ಎಲ್ಲರ ಅಂಕಿಗಳನ್ನೂ ಒಂದು ಚೀಟಿಯಲ್ಲಿ ಗೀಚಿಕೊಂಡಳು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೂಸನ್ನು ಎತ್ತಿಕೊಂಡ ಕುಬೇರಪ್ಪ, ಮಹಾದೇವಿ, ಕಸ್ತೂರಿ, ಕೈಗೆ ಬೇಕಾಗುತ್ತಾನೆಂದು ಹುಲಿಗೆಪ್ಪ, ಎಲ್ಲರನ್ನೂ ತುಂಬಿಕೊಂಡು ಜೀಪು ಹುಬ್ಬಳ್ಳಿಯ ಹಾದಿ ಹಿಡಿಯಿತು.

ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು. ಹಿತ್ತಲ ಬಾಗಿಲಲ್ಲಿ ಸಣ್ಣವ್ವ.

"ಎಲ್ಲಾ ಕೇಳಿಸ್ತೇನ ನಿನಗ?" ಎಂದಳು ಶಿವಗಂಗವ್ವ.

"ಕೇಳ್ತರಿ."

"ಬೈಯಿ."

"ನುಶಿ ಇದ್ದದ್ದು ನಮಗ ಗೊತ್ತಿತ್ರಿ ಯವ್ವಾ. ಕಾಳು ತೂತು ಬಿದ್ದದ್ದು ಕಾಣಂಗಿಲ್ಲೇನ್ರಿ?" ಸಣ್ಣವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಈ ವರ್ಷ ಹಗೇನ ಕೆಟ್ಟೈತಿ ಅಂದ್ಕೊಂಡಿದ್ವಿ. ಪಾಪ, ಧಣ್ಯಾರ ಮನ್ಯಾಗೂ ಇದನ್ನ ಉಣ್ತಾರ ಅಂತ ನಮ್ಮ ಮನ್ಯಾವರ ಮುಂದ ಅಂದಿದ್ದೆ."

ಶಂಭುಲಿಂಗಪ್ಪ ಹೆಂಡತಿಯ ಮುಖ ನೋಡಲಿಲ್ಲ. ಎದ್ದು ಒಳಗೆ ಹೋಗಿ ಪುಡಿ ಹಾಕಿದ ಚೀಲಗಳನ್ನು ಒಂದೊಂದಾಗಿ ಅಂಗಳಕ್ಕೆ ಎಳೆದು ಹಾಕತೊಡಗಿದ. ಎಪ್ಪತ್ತರ ಮನುಷ್ಯ, ಎರಡನೆಯ ಚೀಲಕ್ಕೇ ಏದುಸಿರು. ಸಣ್ಣವ್ವ ಇನ್ನೊಂದು ತುದಿಗೆ ಕೈ ಹಾಕಿದಳು.

"ಕೂಸು ಉಳೀಲಿರಿ ಮೊದಲ," ಎಂದಳು. "ಆದ್ರ ಒಂದ ಮಾತ್ರಿ ಧಣ್ಯಾರ. ಇನ್ನ ಮ್ಯಾಲೆ ನನ್ನ ಪಾಲಿನ ಜ್ವಾಳ ನಾನ ಆರಿಸಿ, ನಾನ ಅಳಕೊಂಡ ಒಯ್ತೇನಿ."

"ಒಯ್ಯಿ," ಎಂದ ಶಂಭುಲಿಂಗಪ್ಪ.

ಮಧ್ಯಾಹ್ನ ಎರಡರ ಬಸ್ಸಿಗೆ ಹುಲಿಗೆಪ್ಪ ಬಂದಿಳಿದ. ದೂರದಿಂದಲೇ ಕೈ ಎತ್ತಿ ಅಲ್ಲಾಡಿಸಿದ.

"ಕಣ್ಣ ತೆರೀತ್ರಿ ಕೂಸು! ಸಣ್ಣಕ್ಕಾರ ಚೀಟಿ ತೋರಿಸಿದ ಕೂಡ್ಲೆ ಡಾಕ್ಟರು ಸೂಜಿ ಹಾಕಿದ್ರು. ಇನ್ನ ತಾಸ ತಡಾ ಆಗಿದ್ರ ಕಷ್ಟ ಇತ್ತಂತ. ಆ ಡಬ್ಬೀ ಲೆಕ್ಕ ನೋಡಿ ಮೂರ ಮಂದಿ ಡಾಕ್ಟರು ಸುತ್ತ ನಿಂತಾರ್ರಿ, ಸಣ್ಣಕ್ಕಾರನ್ನ ಬಿಡವಲ್ರು. ಎಲ್ಲಾರೂ ನಾಳೆ ಬಂದು ಸೂಜಿ ಹಾಕಿಸ್ಕೋರಿ ಅಂದಾರ."

ಶಂಭುಲಿಂಗಪ್ಪ ಜೋಳದ ಚೀಲದ ಮೇಲೆ ಕುಸಿದು ಕೂತ. ಹೆಗಲ ಮೇಲಿನ ವಸ್ತ್ರದಿಂದ ಮುಖ ಒತ್ತಿಕೊಂಡ. ಆಮೇಲೆ, "ಕುಂದಗೋಳಕ್ಕ ಒಂದ ಕಾಗದ ಬರಿಬೇಕು," ಎಂದ. "ಬರೂದು ಬ್ಯಾಡ ಅಂತ. ಹುಡುಗೀಗೆ ಕೆಲಸ ಐತಿ ಅಂತ."

ಶಿವಗಂಗವ್ವನ ಕಣ್ಣಲ್ಲಿ ಆಗ ನೀರು ಬಂತು. ಹುಲಿಗೆಪ್ಪ ತಲೆ ಕೆರೆದುಕೊಂಡ.

"ಇನ್ನೊಂದ ಮಾತ ಕೇಳಿಕೊಂಡ ಬಾ ಅಂದಾರ್ರಿ ಸಣ್ಣಕ್ಕಾರು. ಅವ್ವಾರು ಈ ಪುಡಿ ಸುದ್ದಿ ಬ್ಯಾರೆ ಯಾರಿಗರ ಹೇಳ್ಯಾರೇನು ಅಂತ."

ಅವಳ ಅಳು ಅಲ್ಲೇ ನಿಂತಿತು.

ದಸರೆಯಲ್ಲಿ ಬನ್ನಿ ಕೊಡಲು ಹೋದಾಗ ಓಣಿಯ ಹೆಂಗಸರೆಲ್ಲ ನುಶಿಯ ಕಾಟವನ್ನೇ ಮಾತಾಡಿದ್ದರು. ಅವಳೇ ಉಪಾಯ ಹೇಳಿದ್ದಳು. ಹೇಳಿದ್ದಷ್ಟೇ ಅಲ್ಲ, ಮನೆಗೆ ಕರೆದು ಉಡಿಯಲ್ಲಿ ಪುಡಿ ಹಾಕಿ ಕೊಟ್ಟಿದ್ದಳು. ಗಟ್ಟಿಗಿತ್ತಿ ಗಂಗವ್ವ ಎಂದು ಎಲ್ಲರೂ ಹೊಗಳಿದ್ದರು. ಶಿವಗಂಗವ್ವ ಬೆರಳು ಮಡಚಿದಳು. ಒಂದು, ಎರಡು, ಮೂರು. ಐದು ಬೆರಳೂ ಮಡಚಿ ಕೈ ಮುಷ್ಟಿಯಾಯಿತು.

"ಐದ ಮನಿ," ಎಂದಳು.

"ಯಪ್ಪಾ!" ಎಂದ ಹುಲಿಗೆಪ್ಪ.

"ನಾ ಹೋಗಿ ಹೇಳಲೇನ್ರಿ ಯವ್ವಾ?" ಎಂದು ಸಣ್ಣವ್ವ ಕೇಳಿದಳು.

"ಬ್ಯಾಡ. ಕೊಟ್ಟಾಕಿ ನಾನು."

ಕಾಲಿಗೆ ಮೆಟ್ಟು ಹಾಕಲೂ ನಿಲ್ಲದೆ ಹೊರಟಳು. ಬಿಸಿಲಿಗೆ ಓಣಿಯೆಲ್ಲ ಬೆಳ್ಳಗೆ ಕಾಣುತ್ತಿತ್ತು. ಮೊದಲ ಮನೆ ರಹೀಮಾಬಿಯದು. ಊಟದ ಹೊತ್ತು, ರೊಟ್ಟಿ ಬಡಿಯುವ ಸಪ್ಪಳ ಬಾಗಿಲ ತನಕ ಕೇಳುತ್ತಿತ್ತು. ಹೊಸ್ತಿಲ ಮೇಲೆ ರಹೀಮಾಬಿಯ ಮೊಮ್ಮಗ ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ಕೂತಿದ್ದ. ನಾಲ್ಕು ವರ್ಷವಿದ್ದೀತು. ಗದ್ದದ ಮೇಲೆಲ್ಲ ಜೊಲ್ಲು.

"ಬರ್ರಿ ಅಕ್ಕಾರ, ಬರ್ರಿ!" ರಹೀಮಾಬಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಆಯುಷ್ಯ ನೂರ ನಿಮಗ, ಈಗರ ನೆನಸಿದ್ದೆ. ಏನ ಪುಡಿ ಕೊಟ್ಟೀರಿ! ಒಂದ ನುಶಿ ಇಲ್ರಿ, ಅಗದಿ ಸ್ವಚ್ಛ. ಅಣ್ಣಿಗೇರಿಯೊಳಗ ನನ್ನ ತಂಗೀಗೂ ಒಂದ ಪಾವು ಕೊಟ್ಟ ಕಳಿಸೀನಿ. ಅಕಿ ತನ್ನ ಬೀಗರಿಗೂ ಕೊಟ್ಟಾಳಂತ."

ಶಿವಗಂಗವ್ವ ಬಾಗಿ ಹುಡುಗನ ಕೈಯ ರೊಟ್ಟಿಯನ್ನು ಕಸಿದುಕೊಂಡಳು. ಹುಡುಗ ಕಿರುಚಿದ. ಬಾಯೊಳಗಿದ್ದ ತುತ್ತನ್ನೂ ಬೆರಳು ಹಾಕಿ ತೆಗೆದಳು.

"ಅಕ್ಕಾರ?" ರಹೀಮಾಬಿ ನಿಂತಲ್ಲೇ ನಿಂತಳು. "ಏನ ಮಾಡಾಕ ಹತ್ತೀರಿ?"

"ಒಲೀ ಆರಸು ರಹೀಮಾ," ಎಂದಳು ಶಿವಗಂಗವ್ವ. "ಹೇಳತೀನಿ, ಎಲ್ಲಾ ಹೇಳತೀನಿ. ಮೊದಲ ಇಷ್ಟ ಹೇಳು, ಅಣ್ಣಿಗೇರಿ ಬಸ್ಸು ಎಷ್ಟಕ್ಕೈತಿ?"